ರೋಣ ಸೀಮೆಯ ಕಿರುಬಂಡಿಗಳು

ಗದಗಿನಿಂದ ಉತ್ತರಕ್ಕೆ ರೋಣದ ಹಾದಿ ಹಿಡಿದರೆ ಕಣ್ಣು ಹಾಯುವಷ್ಟು ದೂರವೂ ಎರೆಭೂಮಿಯೇ. ಪೂರ್ವಕ್ಕೆ ತಿರುಗಿ ಗಜೇಂದ್ರಗಡವನ್ನು ಸಮೀಪಿಸಿದಾಗ ಗುಡ್ಡಗಳ ಸಾಲು ಏಳುತ್ತದೆ; ಪಶ್ಚಿಮಕ್ಕೆ ನಡೆದರೆ ನರಗುಂದದ ಕೋಟೆಗುಡ್ಡ ಬಯಲಿನ ನಡುವೆ ಕಾಣಿಸಿಕೊಳ್ಳುತ್ತದೆ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಗದಗ ಜಿಲ್ಲೆಗೆ ಸೇರಿದ ಈ ಮೂರು ಊರುಗಳಿಗೆ ಬರುವವರು ಸಾಮಾನ್ಯವಾಗಿ ಇತಿಹಾಸವನ್ನು ಅರಸಿ ಬರುವರು. 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಬಾಬಾಸಾಹೇಬರ ನರಗುಂದ, 1787ರಲ್ಲಿ ಟಿಪ್ಪು ಮತ್ತು ಮರಾಠರ ನಡುವೆ ಒಪ್ಪಂದವಾದ ಗಜೇಂದ್ರಗಡ, ಅಲ್ಲಿಯೇ ಗುಡ್ಡದ ಮಗ್ಗುಲಲ್ಲಿ ಅಂತರಗಂಗೆಯ ತಂಪಿನಲ್ಲಿ ನೆಲೆಸಿದ ಕಾಲಕಾಲೇಶ್ವರ ಇವುಗಳ ವಿಷಯವನ್ನು ಬಲ್ಲವರು ಬಹಳಷ್ಟು ಬರೆದಿರುವರು. ನಾವು ಈ ಸಲ ಹೋದದ್ದು ಅಂಗೈಯಲ್ಲಿ ಹಿಡಿಯುವಂಥ ಎತ್ತು ಬಂಡಿಗಳನ್ನು ನೋಡುವುದಕ್ಕೆ.

ಜ್ಯೇಷ್ಠ ಮಾಸದಲ್ಲಿ ಈ ಸೀಮೆಯ ಒಕ್ಕಲು ಮನೆಗಳಿಗೆ ಹದಿನೈದು ದಿನಗಳ ಅಂತರದಲ್ಲಿ ಎರಡು ಹಬ್ಬಗಳು ಬರುತ್ತವೆ. ಕಾರಹುಣ್ಣಿಮೆಯ ದಿನ ಜೀವಂತ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಸಂಜೆಗೆ ಅಗಸಿಯ ಬಳಿ ಕರಿ ಹರಿಯುತ್ತಾರೆ. ಓಡಿ ಮೊದಲು ಬಂದ ಎತ್ತು ಬಿಳಿಯದಾದರೆ ಹಿಂಗಾರಿ ಫಸಲು ಹುಲುಸು, ಕೆಂದಾದರೆ ಮುಂಗಾರಿ ಹುಲುಸು ಎಂಬುದು ಹಿರಿಯರ ಲೆಕ್ಕ. ಮುಂದೆ ಬರುವ ಅಮಾವಾಸ್ಯೆಗೆ ಅದೇ ಎತ್ತುಗಳು ಮಣ್ಣಿನವಾಗಿ ದೇವರ ಜಗುಲಿಯನ್ನು ಏರುತ್ತವೆ. ಮೊದಲು ಓಟ, ಆಮೇಲೆ ಓಡಿದವುಗಳ ಪ್ರತಿಕೃತಿ. ಈ ಕ್ರಮವನ್ನು ಯಾರು ಗೊತ್ತುಮಾಡಿದರೋ, ಬಹಳ ಸೊಗಸಾಗಿ ಮಾಡಿರುವರು.

ಮಣ್ಣೆತ್ತು ಮಾಡುವುದು ಹೊರಗಿನಿಂದ ನೋಡಿದಷ್ಟು ಸುಲಭವಲ್ಲ. ಎರೆಮಣ್ಣು ಒಣಗುವಾಗ ಬಿರಿಯುವ ಜಾತಿಯದು. ಆದುದರಿಂದ ಜಿಗುಟುಮಣ್ಣನ್ನು ಹದವಾಗಿ ನಾದಬೇಕು, ಬಿರಿಯದಂತೆ ಅರಳೆಯ ಎಳೆಗಳನ್ನು ಬೆರೆಸಿ ಕುಟ್ಟಬೇಕು. ಕಾಲುಗಳನ್ನು ತೆಳ್ಳಗೆ ಮಾಡಿದರೆ ಒಡಲಿನ ಭಾರಕ್ಕೆ ಕುಸಿಯುತ್ತವೆ. ಹೀಗಾಗಿ ಮಣ್ಣೆತ್ತಿನ ಕಾಲು ಯಾವಾಗಲೂ ಗಿಡ್ಡ, ದಪ್ಪ. ಕೈಯಲ್ಲಿ ಉಳಿದ ಮಣ್ಣನ್ನೆಲ್ಲ ಕುಂಬಾರನಾಗಲಿ ಮನೆಯ ಮಗುವಾಗಲಿ ಇಣಿಗೂ ಕುತ್ತಿಗೆಗೂ ಹಾಕುತ್ತಾರೆ. ನಿಜವಾದ ಕಿಲಾರಿ ಹೋರಿಯ ಅಳತೆಗೆ ಹೋಲಿಸಿದರೆ ಇಣಿ ದೊಡ್ಡದಾಯಿತೆನ್ನಬಹುದು. ಆದರೆ ಎತ್ತಿನ ಕಸುವು ಎಲ್ಲಿದೆಯೆಂಬುದು ಮಾಡಿದವರಿಗೆ ಗೊತ್ತು; ನೊಗ ಕೂಡ್ರುವ ಜಾಗವೇ ಅದಲ್ಲವೆ? ಕಣ್ಣಿಗೆ ಗುಲಗಂಜಿ, ಮೈಗೆ ಕುಸುಬಿ ಕಾಳು, ಮುಂದೆ ಪುಟ್ಟದೊಂದು ಮಣ್ಣಿನ ಗ್ವಾದಲಿ. ಕುಂಬಾರರು ಬುಟ್ಟಿಯಲ್ಲಿ ಹೊತ್ತು ತಂದು ಕೊಟ್ಟ ಜೋಡೆತ್ತಿಗೆ ಮರದ ತುಂಬ ಜೋಳ ಹಾಕಿ ಕಳಿಸುವ ರೂಢಿ ಈ ಕಡೆ ಬಹುಕಾಲ ನಡೆದುಬಂದಿದೆ. ಈಗ ಪೇಟೆಯಲ್ಲಿ ರೊಕ್ಕ ಕೊಟ್ಟು ಒಯ್ಯುವವರೇ ಹೆಚ್ಚು.

ಎತ್ತು ಆಯಿತು, ಬಂಡಿ? ಅದಕ್ಕೆ ಜೋಳದ ದಂಟು ಬೇಕು. ಹಿಂಗಾರಿಯ ಬಿಳಿಜೋಳದ ಒಣದಂಟಿನ ಮೇಲಿನ ಸಿಬರು ಬಿರುಸು, ಒಳಗಿನ ಬೆಂಡು ಮೃದು. ಈ ಎರಡು ಗುಣಗಳೇ ಸಾಕು, ಅಂಟು ಬೇಡ, ಮೊಳೆ ಬೇಡ. ಸಿಬರನ್ನು ಸೀಳಿ ಕಡ್ಡಿ ಮಾಡಿ ಬೆಂಡಿನ ತುಂಡುಗಳಲ್ಲಿ ಚುಚ್ಚುತ್ತ ಹೋದರೆ ಚಕ್ಕಡಿಯ ಚೌಕಟ್ಟು ನಿಲ್ಲುತ್ತದೆ. ಹಸಿಬಿಸಿ ಸಿಬರನ್ನು ಮೆಲ್ಲಗೆ ಬಾಗಿಸಿ ತುದಿಗಳನ್ನು ಕೂಡಿಸಿದರೆ ಗಾಲಿ. ನಡುವಿನ ಬೆಂಡೇ ಗುಂಬ, ಅದಕ್ಕೆ ಚುಚ್ಚಿದ ಕಡ್ಡಿಗಳೇ ಅರೆ. ಅವಸರ ಮಾಡಿದರೆ ಸಿಬರು ಮುರಿಯುತ್ತದೆ, ಮತ್ತು ಅದರ ಅಂಚು ಬೆರಳನ್ನು ಕೊಯ್ಯುತ್ತದೆ. ನೊಗ, ಈಸು, ಅಚ್ಚು, ಕಡಾಣಿ ಎಲ್ಲವೂ ಇರಬೇಕು. ಒಂದು ಬಿಟ್ಟರೂ ಅಟ್ಟದ ಮೇಲೆ ಕುಳಿತ ಅಜ್ಜ ಎತ್ತಿ ತೋರಿಸುತ್ತಾನೆ. ಬಡಿಗೇರರ ಸಾಲೆಯಲ್ಲಿ ದೊಡ್ಡ ಚಕ್ಕಡಿ ಹೇಗೆ ಕೂಡುತ್ತದೆಂಬುದನ್ನು ಈ ಸೀಮೆಯ ಮಕ್ಕಳು ಕಲಿತದ್ದು ಹೀಗೆ.

ನಮ್ಮ ಬಂಧುಗಳೊಬ್ಬರ ಮಗ ಅಮೆರಿಕದಲ್ಲಿರುವನು. ಅವನ ಮನೆಯ ಕಪಾಟಿನಲ್ಲಿ ಪ್ಲಾಸ್ಟಿಕ್ಕಿನ ಕಿರುಕಾರುಗಳ ಸಾಲನ್ನು ನಾವು ಕಂಡಿದ್ದೇವೆ. ನಿಜವಾದ ಕಾರಿನ ಇಪ್ಪತ್ತೈದನೆಯ ಒಂದು ಪಾಲಿನ ಅಳತೆಗೆ ಬಿಡಿಭಾಗಗಳನ್ನು ಕತ್ತರಿಸಿ, ಉಜ್ಜಿ, ಬಣ್ಣ ಹಚ್ಚಿ ಕೂಡಿಸಿದವುಗಳು. ಅಲ್ಲಿನವರಿಗೆ ಅತಿಪ್ರಿಯವಾದವು 1960ರ ದಶಕದ ಮಸಲ್ ಕಾರುಗಳು, ಅಂದರೆ ಮಧ್ಯಮ ಗಾತ್ರದ ಕಾರಿನ ಒಡಲಿಗೆ ದೊಡ್ಡ ಎಂಜಿನ್ನು ಹೂಡಿದವು. 1964ರ ಪಾಂಟಿಯಾಕ್ ಜಿಟಿಓ ಅವುಗಳಲ್ಲಿ ಹೆಸರುವಾಸಿ. ಅಂಥ ಕಾರುಗಳನ್ನು ನೇರ ರಸ್ತೆಯಲ್ಲಿ ಎರಡೆರಡಾಗಿ ಓಡಿಸುವ ಪಂದ್ಯಕ್ಕೆ ಡ್ರ್ಯಾಗ್ ರೇಸ್ ಎನ್ನುವರು. ದೂರ ಕಾಲು ಮೈಲು, ಸುಮಾರು 402 ಮೀಟರು. ಯಾರು ಮೊದಲು ಮುಟ್ಟುವರೋ ಅವರು ಗೆದ್ದಂತೆ. ಇದಕ್ಕೆ ನಿಯಮಗಳನ್ನು ರೂಪಿಸುವ ರಾಷ್ಟ್ರೀಯ ಸಂಸ್ಥೆ ಅಲ್ಲಿ 1951ರಲ್ಲಿ ಹುಟ್ಟಿತು.

ನಮ್ಮ ಜಾತ್ರೆಗಳಲ್ಲಿ ಲೆಕ್ಕ ತಿರುವುಮುರುವು. ಖಾಲಿ ಗಾಡಾ ಓಡಿಸುವ ಪಂದ್ಯದಲ್ಲಿ ದೂರ ಗೊತ್ತಿಲ್ಲ, ವೇಳೆ ಗೊತ್ತು. ಒಂದು ನಿಮಿಷ ತುಂಬಿ ಸೀಟಿ ಊದಿದಾಗ ಜೋಡಿ ಎಲ್ಲಿದೆಯೋ ಅಲ್ಲಿಯವರೆಗೆ ಅಡಿ ಹಿಡಿದು ಅಳೆಯುತ್ತಾರೆ. ತೆರಬಂಡಿಯದು ಇನ್ನೂ ಕಠಿಣ. ಗಾಲಿ ತಿರುಗದಂತೆ ಬಿಗಿದ ಬಂಡಿಯನ್ನು ಎತ್ತುಗಳು ನೆಲದ ಮೇಲೆ ಉಜ್ಜಿ ಎಳೆಯಬೇಕು. ಇಂಗ್ಲಿಷಿನ ಡ್ರ್ಯಾಗ್ ಎಂಬ ಮಾತಿನ ಅರ್ಥವೂ ಎಳೆಯುವುದೆಂದೇ ಆಗಿರುವುದರಿಂದ, ಆ ಹೆಸರು ಅಮೆರಿಕದ ಕಾರುಗಳಿಗಿಂತ ನಮ್ಮ ತೆರಬಂಡಿಗೇ ಹೆಚ್ಚು ಒಪ್ಪುವುದೆಂದು ನಮಗೆ ತೋರಿತು.

ಆದರೆ ಕಾರಿಗೆ ನೋವಿಲ್ಲ, ಎತ್ತಿಗೆ ನೋವುಂಟು. 2014ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ತಮಿಳುನಾಡಿನ ಜಲ್ಲಿಕಟ್ಟನ್ನೂ ಮಹಾರಾಷ್ಟ್ರದ ಎತ್ತಿನಬಂಡಿ ಓಟವನ್ನೂ ನಿಷೇಧಿಸಿತು. ಬಳಿಕ ಕರ್ನಾಟಕವು 2017ರಲ್ಲಿ ಕಾಯಿದೆಯನ್ನು ತಿದ್ದಿ ಕಂಬಳಕ್ಕೂ ಎತ್ತಿನಬಂಡಿ ಓಟಕ್ಕೂ ಅವಕಾಶ ಕಲ್ಪಿಸಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಈ ಬಗೆಯ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಕಾಯಿದೆ ಒಪ್ಪಿತೆಂದು ಮೊಳೆ ಬಡಿದ ಬಾರುಕೋಲನ್ನು ಒಪ್ಪಲಾಗದು. ವರ್ಷವೆಲ್ಲ ಬಸವಣ್ಣನೆಂದು ಕರೆದು, ಮಣ್ಣಿನಲ್ಲಿ ಮಾಡಿಯೂ ಕೈ ಮುಗಿಯುವ ಪ್ರಾಣಿಗೆ ಒಂದು ನಿಮಿಷದ ಆಸೆಗಾಗಿ ಚುಚ್ಚುವುದನ್ನು ನಾವಂತೂ ಸಹಿಸಲಾರೆವು. ಅಮೆರಿಕದಲ್ಲಿಯೂ 2008ರಲ್ಲಿ ಓಟಗಾರನೊಬ್ಬ ಮಡಿದ ಮೇಲೆ, ಅತಿವೇಗದ ವಾಹನಗಳ ಓಟವನ್ನು ಕಾಲು ಮೈಲಿನಿಂದ 1,000 ಅಡಿಗೆ ಇಳಿಸಿದರು. ಪಂದ್ಯಕ್ಕೇನೂ ಕುಂದು ಬರಲಿಲ್ಲ.

ರೋಣದಿಂದ ಗಜೇಂದ್ರಗಡಕ್ಕೆ ಹೋಗುವಾಗ ಸೂಡಿಯಲ್ಲಿ ಇಳಿಯದೆ ಮುಂದೆ ಹೋಗಬಾರದು. ಚಾಲುಕ್ಯ ರಾಜಕುಮಾರಿ ಅಕ್ಕಾದೇವಿಯು ಕಿಸುಕಾಡು ನಾಡನ್ನು ಆಳಿದ ಸ್ಥಳವಿದು. ಜೋಡುಕಳಸದ ಗುಡಿ, ನಾಗಕುಂಡ ಎರಡೂ ನೋಡತಕ್ಕವು. ಚಾಲುಕ್ಯ ಶಿಲ್ಪಿಗಳಿಗೆ ಗೋಡೆ ಬರಿದಾಗಿದ್ದರೆ ಸಮಾಧಾನವಿಲ್ಲ. ಗುಡಿಯ ಗೋಡೆಯಲ್ಲಿಯೇ ಕಂಬ, ಶಿಖರ, ಕಳಸಗಳುಳ್ಳ ಕಿರುಗುಡಿಗಳನ್ನು ಬಿಡಿಸುವುದು ಅವರ ಪದ್ಧತಿ. ದೊಡ್ಡದನ್ನು ಚಿಕ್ಕದರಲ್ಲಿ ಹಿಡಿದಿಡುವ ಚಟ ಈ ಮಣ್ಣಿಗೆ ಸಾವಿರ ವರ್ಷ ಹಳೆಯದು.

ಈಗ ಆ ಚಟಕ್ಕೆ ಸಾಮಗ್ರಿಯ ಕೊರತೆ ಬಂದಿದೆ. ನರಗುಂದದ ಕಡೆ ಮಲಪ್ರಭೆಯ ಕಾಲುವೆ ಬಂದ ಮೇಲೆ ಗೋವಿನಜೋಳ, ಹತ್ತಿ ಹೆಚ್ಚಿದವು. ಇದೇ ನೀರಿನ ಕರದ ಸಲುವಾಗಿ 1980ರ ಜುಲೈಯಲ್ಲಿ ಅಲ್ಲಿ ರೈತರು ಬೀದಿಗಿಳಿದದ್ದನ್ನು ನಾಡು ಮರೆತಿಲ್ಲ. ಬಿಳಿಜೋಳ ಬಿತ್ತುವವರು ಕಡಿಮೆಯಾದಂತೆ ಹಿತ್ತಲಲ್ಲಿ ಬಣವೆಯೂ ಕಡಿಮೆ. ಗೋವಿನಜೋಳದ ದಂಟು ದಪ್ಪ. ಬಿಳಿಜೋಳದ ಸಿಬರಿನಂತೆ ಸಣ್ಣಗೆ ಸೀಳಿ ಬಾಗಿಸಲು ಬಾರದು. ದನವನ್ನು ಮಾರಿ ಟ್ರ್ಯಾಕ್ಟರ್ ತಂದ ಮನೆಗಳಲ್ಲಿ ಅಮಾವಾಸ್ಯೆಯ ಮಣ್ಣಿನ ಜೋಡಿಯೇ ಉಳಿದ ಎತ್ತು.

ಮಕ್ಕಳ ಕೈ ಮಾತ್ರ ಸುಮ್ಮನಿಲ್ಲ. ಹರಿದ ಚಪ್ಪಲಿಯ ಅಟ್ಟೆಯನ್ನು ದುಂಡಗೆ ಕತ್ತರಿಸಿ ಹಿಂದೆ ದೊಡ್ಡ ಗಾಲಿ, ಮುಂದೆ ಸಣ್ಣ ಗಾಲಿ ಕೂಡಿಸಿ, ರಟ್ಟಿನ ಎಂಜಿನ್ನಿಗೆ ಕೆಂಪು ಬಣ್ಣ ಬಳಿದ ಟ್ರ್ಯಾಕ್ಟರೊಂದು ಗಜೇಂದ್ರಗಡದ ಓಣಿಯಲ್ಲಿ ನಮ್ಮ ಎದುರಿಗೇ ಹಾದುಹೋಯಿತು. ಅದರ ಹಿಂದೆ ದಾರದಿಂದ ಕಟ್ಟಿದ ಟ್ರೇಲರಿನಲ್ಲಿ ಎರಡು ಮಣ್ಣೆತ್ತುಗಳು ನಿಂತಿದ್ದವು. ಎಲ್ಲಿಗೆಂದು ಕೇಳಿದೆವು. ಸಂತೆಗೆ ಮಾರಲು ಅಲ್ಲ, ನೀರು ಕುಡಿಸಲು ಎಂದು ಆ ಹುಡುಗ ನಿಲ್ಲದೆಯೇ ಹೇಳಿದನು.