ಮೈಮೇಲೆ ಮಲಗಿದರೆ ಅದು ಪ್ರೀತಿಯಲ್ಲ

ಒಂದರ ಮೇಲೊಂದು ಮಲಗಿದ ಎರಡು ಹಸಿರು ಇಗುವಾನಾಗಳ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ನಮ್ಮ ತಾಲ್ಲೂಕಿನ ಹುಡುಗನೊಬ್ಬ ಅಂಥದ್ದೇ ವಿಡಿಯೊ ಹಾಕಿದ್ದ. ಲೈಕು ಜೋರಾಗಿತ್ತು. ಒಂದು ಸಣ್ಣ ಸುದ್ದಿ ಮಾಡೋಣ ಅಂತ ನಾವು ಅವರ ಮನೆಗೆ ಹೋದೆವು.

ಗೂಡು ನಾಲ್ಕಡಿ ಉದ್ದ. ಒಂದು ಬಲ್ಬು, ಒಂದು ಕೊಂಬೆ, ಸೊಪ್ಪಿನ ಒಂದು ತಟ್ಟೆ. ಬಲ್ಬಿನ ಕೆಳಗೆ ದಪ್ಪನೆಯ ಗಂಡು. ಅದರ ಅಡಿಯಲ್ಲಿದ್ದದ್ದು ಬಣ್ಣ ಮಾಸಿ ಕಂದಾಗಿತ್ತು, ಸೊಂಟದ ಮೂಳೆ ಎದ್ದು ಕಾಣುತ್ತಿತ್ತು, ಬಾಲದ ತುದಿ ಇರಲಿಲ್ಲ.

"ಜೀವಕ್ಕೆ ಜೀವ ಅಣ್ಣಾ ಇವು, ಬಿಟ್ಟಿರಲ್ಲ" ಅಂದ ಹುಡುಗ.

"ಹಂಗಾದ್ರೆ ಬಾಲ ಎಲ್ಲೋಯ್ತಪ್ಪಾ?" ಅಂದೆವು.

ಉತ್ತರ ಕೊಟ್ಟಿದ್ದು ಅವರಮ್ಮ. "ಇವ್ನು ಅಂಗಡಿಗೆ ಹೋದ್ಮೇಲೆ ಕಚ್ಚಾಡ್ತವೆ ಸಾರ್. ಒಂದೇ ಗೂಟಕ್ಕೆ ಎರಡು ಹೋರಿ ಕಟ್ಟಿದ್ರೆ ಹಾಯದೇ ಇರ್ತವಾ?"

ಆಯಮ್ಮ ಹೇಳಿದ್ದೇ ಸರಿ. ಇಗುವಾನಾ ತಿಂದದ್ದು ಅರಗಬೇಕಾದರೆ ಹೊರಗಿನ ಬಿಸಿ ಬೇಕು. ಬಿಸಿ ಇರುವ ಜಾಗ ಒಂದೇ ಆದರೆ ಬಲವಾದದ್ದು ಅದನ್ನು ಹಿಡಿಯುತ್ತದೆ. ಮೇಲೆ ಹತ್ತಿ ಮಲಗುವುದು ಜಾಗ ಕಸಿಯುವ ರೀತಿ. ಕೆಳಗಿನದಕ್ಕೆ ಬಿಸಿ ಸಿಗುವುದಿಲ್ಲ, ಮೇವು ಅರಗುವುದಿಲ್ಲ, ಆಮೇಲೆ ತಿನ್ನುವುದನ್ನೇ ಬಿಡುತ್ತದೆ. ಮೈಮೇಲೆ ಒಂದು ಗಾಯವಿಲ್ಲದೆಯೂ ಸೊರಗಿ ಸಾಯಬಹುದು.

ನಮ್ಮ ಬೇಲಿಯ ಓತಿಕ್ಯಾತಗಳೂ ಜಗಳ ಆಡುತ್ತವೆ. ಕತ್ತು ಕೆಂಪಾಗುತ್ತದೆ, ತಲೆ ಮೇಲೆ ಕೆಳಗೆ ಆಡುತ್ತದೆ, ಸೋತದ್ದು ಪಕ್ಕದ ಬೇಲಿಗೆ ಓಡುತ್ತದೆ. ಅಲ್ಲಿಗೆ ಮುಗಿಯಿತು. ಮಧ್ಯ ಮತ್ತು ದಕ್ಷಿಣ ಅಮೆರಿಕದ ಮರಗಳ ಮೇಲೆ ಬದುಕುವ ಇಗುವಾನಾಕ್ಕೂ ಕಾಡಿನಲ್ಲಿ ಓಡಲು ಇನ್ನೊಂದು ಮರವಿದೆ. ಗೂಡಿನಲ್ಲಿ ಸೋತದ್ದಕ್ಕೆ ಹೋಗಲು ಜಾಗವಿಲ್ಲ. ಅದಕ್ಕೇ ಜಗಳ ಮುಗಿಯುವುದೇ ಇಲ್ಲ.

ಗುರುತು ಹಿಡಿಯುವುದು ಕಷ್ಟವಲ್ಲ. ಗಂಟಲ ಚೀಲ ಅಗಲಿಸುವುದು, ಮೈ ಚಪ್ಪಟೆ ಮಾಡಿ ಅಡ್ಡ ನಿಲ್ಲುವುದು, ತಲೆ ಜೋರಾಗಿ ಆಡಿಸುವುದು, ಬಾಲ ಬೀಸುವುದು. ಬೆದೆಯ ಕಾಲದಲ್ಲಿ ಗಂಡು ಕಿತ್ತಳೆ ಬಣ್ಣಕ್ಕೆ ತಿರುಗಿ ಇನ್ನೂ ಸಿಟ್ಟಾಗುತ್ತದೆ. ಇನ್ನೊಂದು ಮೂಲೆ ಸೇರಿ ತಟ್ಟೆ ಹತ್ತಿರ ಬರುತ್ತಿಲ್ಲ ಎಂದರೆ ಕಾಯಬೇಡಿ.

ಅವತ್ತೇ ಬೇರೆ ಮಾಡಿ. ಎರಡು ಗೂಡಿನ ನಡುವೆ ರಟ್ಟು ಇಡಿ, ಒಂದಕ್ಕೊಂದು ಕಂಡರೂ ಹೆದರಿಕೆ ಹೋಗುವುದಿಲ್ಲ. ಕಚ್ಚಾಡುವಾಗ ಬರಿಗೈ ಹಾಕಬೇಡಿ, ಹಲ್ಲು ಹರಿತ. ದಪ್ಪ ಟವೆಲ್ ಹೊದಿಸಿ ಒಂದನ್ನು ಎತ್ತಿ. ಬಾಲ ಹಿಡಿದು ಎಳೆದರೆ ಕಳಚಿಕೊಳ್ಳುತ್ತದೆ. ಮರಿಯಾದರೆ ಮತ್ತೆ ಬೆಳೆಯಬಹುದು, ಆದರೆ ಮೊದಲಿನಂತಲ್ಲ. ಗಾಯಕ್ಕೆ ಮನೆಮದ್ದು ಮೆತ್ತದೆ ಪಶುವೈದ್ಯರಿಗೆ ತೋರಿಸಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಇವುಗಳಿಂದ ಸಾಲ್ಮೊನೆಲ್ಲಾ ಅಂಟಬಹುದು.

ಹುಡುಗನ ಚಿಂತೆ ದುಡ್ಡಿನದು. ಇನ್ನೊಂದು ಗೂಡು, ಇನ್ನೊಂದು ಬಿಸಿ ಬಲ್ಬು, ಇನ್ನೊಂದು ಯುವಿಬಿ ದೀಪ. "ಒಂದನ್ನ ತೋಟಕ್ಕೆ ಬಿಟ್ಬಿಡ್ಲಾ ಅಣ್ಣಾ?" ಅಂದ. ಬೇಡ ಅಂದೆವು. ಅಮೆರಿಕದ ಫ್ಲೋರಿಡಾದಲ್ಲಿ ಹೀಗೆ ಮನೆಗಳಿಂದ ಆಚೆ ಹೋದ ಇಗುವಾನಾಗಳು ಹೆಚ್ಚಿ, ಗಿಡ ತಿಂದು, ಕಾಲುವೆ ದಡ ಕೊರೆದು ಪೀಡೆಯಾಗಿವೆ. ಕೊನೆಗೆ ಅವರಮ್ಮ ಚೀಟಿ ದುಡ್ಡು ತೆಗೆದರು. ಹಳೆಯ ಪ್ಲೈವುಡ್ಡು, ಜಾಲರಿ ಸೇರಿಸಿ ಗೂಡು ಮಾಡಿದರು. ವಾರ ಕಳೆದ ಮೇಲೆ ಸೊರಗಿದ್ದು ದಾಸವಾಳದ ಎಲೆಗೆ ಬಾಯಿ ಹಾಕಿತು.

ಕಾನೂನೂ ಗೊತ್ತಿರಲಿ. ಇಗುವಾನಾದಂಥ, ಸೈಟಿಸ್ ಪಟ್ಟಿಯ ವಿದೇಶಿ ಪ್ರಾಣಿ ಸಾಕುವವರು ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮದಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ನಮ್ಮ ಹೊಲದ ಉಡವನ್ನಂತೂ ಹಿಡಿಯುವುದೇ ಅಪರಾಧ.

ಅಂಗಡಿಯವರು "ಒಂಟಿಯಾದ್ರೆ ಬೇಜಾರಾಗುತ್ತೆ, ಜೋಡಿ ತಗೊಳ್ಳಿ" ಅನ್ನಬಹುದು. ಇಗುವಾನಾಕ್ಕೆ ಜೊತೆ ಬೇಕಿಲ್ಲ. ಎರಡನೆಯದನ್ನು ಕೊಳ್ಳುವ ಮೊದಲು ಎರಡನೇ ಗೂಡಿಗೆ ಮನೆಯಲ್ಲಿ ಜಾಗ ಇದೆಯಾ ನೋಡಿ.