ಗುಡುಗುಡಿಯ ಹಾಡು, ಮೂವತ್ತು ಸೆಕೆಂಡಿನ ಹೊಗೆ

ನಿಮ್ಮ ಫೋನಿಗೂ ಬಂದಿರಬೇಕು. ಯಾರೋ ಹುಡುಗ ಕ್ಯಾಮೆರಾ ಮುಂದೆ ಹೊಗೆ ಬಿಡುತ್ತಾನೆ, ಹಿಂದೆ ಗಿಟಾರ್ ಸದ್ದಿನಲ್ಲಿ ‘ಗುಡುಗುಡಿಯ ಸೇದಿ ನೋಡೋ’ ಹಾಡು. ಮೂವತ್ತು ಸೆಕೆಂಡಿಗೆ ಮುಗೀತು. ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ನಮ್ಮ ಗೆಳೆಯರ ವಾಟ್ಸಾಪ್ ಗುಂಪುಗಳಲ್ಲಿ ಇಂಥವು ಎಷ್ಟೋ ತಿರುಗಾಡಿದವು. ಕೆಳಗೆ ಬೆಂಕಿಯ ಚಿತ್ರ, ‘ಮಾಮಾ ಸೂಪರ್’ ಅನ್ನೋ ಮಾತು.

ನಮಗೆ ನಗು ಬರಲಿಲ್ಲ. ಆ ಹಾಡು ಹೇಳುವುದು ಪೂರ್ತಿ ಉಲ್ಟಾ.

ಇದು ಶಿಶುನಾಳ ಷರೀಫರ ಪದ. ಷರೀಫರು (1819–1889) ದೂರದವರೇನಲ್ಲ. ಹಡಗಲಿ ಕಡೆಯಿಂದ ತುಂಗಭದ್ರಾ ದಾಟಿದರೆ ಹಾವೇರಿ ಜಿಲ್ಲೆ, ಅಲ್ಲೇ ಶಿಗ್ಗಾವಿ ತಾಲ್ಲೂಕಿನಲ್ಲಿ ಶಿಶುನಾಳ. ಗುಡುಗುಡಿ ಅಂದರೆ ಹುಕ್ಕಾ, ನಿಜ. ಆದರೆ ಈ ಪದದಲ್ಲಿ ಸಂಚಿ ಅಂದರೆ ಮನಸ್ಸು, ಕೊಚ್ಚಿ ಸುಡಬೇಕಾದ ಗಾಂಜಾ ಅಂದರೆ ಮೋಹ, ಮದ. ಚಟ ಬಿಡಿಸೋ ಪದವನ್ನೇ ಚಟದ ಹಿಂದೆ ಹಚ್ಚಿದರೆ ಹೇಗೆ?

ಇದಕ್ಕೆ ಬ್ಯಾಂಡಿನವರನ್ನು ಬೈಯುವವರಿದ್ದಾರೆ. ನಾವು ಬೈಯುವುದಿಲ್ಲ. ಹಾಡಿದ್ದು ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’. ‘ಸೈಕೋ’ ಸಿನಿಮಾದ ಮಹದೇಶ್ವರನ ಹಾಡು ಅಂದರೆ ನಿಮಗೆ ಥಟ್ಟನೆ ಗೊತ್ತಾಗುತ್ತದೆ, ಅವರೇ. 2008ರಲ್ಲಿ ಬಂದ ಬ್ಯಾಂಡಿನ ಮೊದಲ ಆಲ್ಬಂನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಷರೀಫರೂ ಕೂತರು. 2010ರಲ್ಲಿ ಈ ಬ್ಯಾಂಡ್ ಬಿಬಿಸಿ ಟಿವಿಯಲ್ಲೂ ಹಾಡಿತು. ಅವರ ಸ್ಟೇಜ್ ವಿಡಿಯೋಗಳನ್ನು ನೋಡಿ: ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ, ಪಕ್ಕದಲ್ಲಿ ವಯಲಿನ್. ಕನ್ನಡ ಬಾರದ ಜನವೂ ಕುಣಿಯುತ್ತಾರೆ. ಅದಕ್ಕೂ ಮೊದಲು ಸಿ. ಅಶ್ವತ್ಥ್ ಅವರು ಷರೀಫರನ್ನು ಕ್ಯಾಸೆಟ್ಟಿಗೆ ತಂದಿದ್ದರು. 1990ರ ‘ಸಂತ ಶಿಶುನಾಳ ಷರೀಫ’ ಸಿನಿಮಾಕ್ಕೂ ಅವರದೇ ಸಂಗೀತ. ಆಗಲೂ ‘ಪದ ಹಾಳಾತು’ ಅಂದ ಹಿರಿಯರು ಇದ್ದಿರಲೇಬೇಕು!

ತಪ್ಪಿದ್ದು ಕತ್ತರಿಸಿದಲ್ಲಿ. ಪಲ್ಲವಿಯ ಅರ್ಧ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟರೆ ಹೊಗೆ ಮಾತ್ರ ಉಳಿಯುತ್ತದೆ.

ಹಡಗಲಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಮಾವಾಸ್ಯೆ ಭಜನೆಗೆ ಹೋಗಿದ್ದೆವು. ಹಾರ್ಮೋನಿಯಂ, ದಮ್ಮಡಿ, ತಾಳ. ಅಲ್ಲಿ ಇದೇ ಪದ ಮುಗಿಯಲು ಹದಿನೈದು ನಿಮಿಷ ಬೇಕಾಯಿತು. ಒಂದು ನುಡಿ ಆದಮೇಲೆ ಮುಖ್ಯ ಹಾಡುಗಾರರು ತಾಳ ನಿಲ್ಲಿಸಿ ಅರ್ಥ ಬಿಡಿಸುತ್ತಾರೆ, ನಡುವೆ ಯಾರೋ ಪ್ರಶ್ನೆ ಕೇಳುತ್ತಾರೆ, ಯಾರಿಗೋ ಬೈಗುಳವೂ ಬೀಳುತ್ತದೆ. ಅವತ್ತು ಕಟ್ಟೆ ಮೇಲೆ ಬೀಡಿ ಹಚ್ಚಿದ್ದವನನ್ನೇ ಉದಾಹರಣೆ ಮಾಡಿಬಿಟ್ಟರು. ಅವನೂ ನಕ್ಕು ಬೀಡಿ ಆರಿಸಿದ. ಈ ಅರ್ಥ ಬಿಡಿಸುವ ಭಾಗ ಕ್ಯಾಸೆಟ್ಟಿನಲ್ಲಿಲ್ಲ, ಬ್ಯಾಂಡಿನಲ್ಲಿಲ್ಲ, ರೀಲ್ಸಿನಲ್ಲಂತೂ ಕೇಳಲೇಬೇಡಿ. ಅದು ಇರುವುದು ಅರವತ್ತು ದಾಟಿದ ಕೆಲವರ ಬಾಯಲ್ಲಿ ಮಾತ್ರ. ನಮಗೆ ಹೆದರಿಕೆ ಹುಟ್ಟಿಸಿದ್ದು ಅದು.

ನಾವು ಪೂರ್ತಿ ಶೂಟ್ ಮಾಡಿ ಹಾಕಿದೆವು. ನಾಯಿ ಬೊಗಳಿದ್ದೂ ಅದರಲ್ಲಿದೆ. ನೋಡಿದವರು ನೂರು ದಾಟಲಿಲ್ಲ, ಅದರಲ್ಲಿ ಅರ್ಧ ಅದೇ ಊರಿನವರು. ಆದರೆ ಕೊಟ್ಟೂರಿನ ಒಬ್ಬ ಕಾಲೇಜು ಹುಡುಗ ‘ಆ ಮೂರನೇ ನುಡಿ ಅರ್ಥ ಇನ್ನೊಮ್ಮೆ ಹೇಳಿಸ್ರಿ’ ಅಂತ ಬರೆದ. ಅವನಿಗೆ ಈ ಪದ ಪರಿಚಯವಾದದ್ದು ಬ್ಯಾಂಡಿನಿಂದಲೇ ಅಂತೆ.

ಆ ಅಜ್ಜನಿಗೆ ಬ್ಯಾಂಡಿನ ವಿಡಿಯೋ ತೋರಿಸಿದೆವು. ಎರಡು ಸಲ ನೋಡಿದರು. ಬೆರಳಲ್ಲಿ ತಾಳ ಹಾಕುತ್ತಾ, ‘ಗೆಜ್ಜಿ ಚಂದ ಕಟ್ಯಾನ. ಆದ್ರ ಕೇಳೋರಿಗೆ ವಿಚಾರ ಮಾಡಾಕ ಪುರಸೊತ್ತ ಕೊಡವಲ್ಲ’ ಅಂದರು. ಆಮೇಲೆ ಟ್ರಂಕಿನಿಂದ ಬಟ್ಟೆ ಸುತ್ತಿದ ನೋಟುಬುಕ್ಕು ತೆಗೆದರು. ನಲವತ್ತಕ್ಕೂ ಹೆಚ್ಚು ಪದ, ಕೆಲವು ಪುಟ ಗೆದ್ದಲು ತಿಂದಿವೆ. ತಿಂದಲ್ಲೂ ಅವರಿಗೆ ಬಾಯಿಪಾಠ.

ಇಲ್ಲಿವರೆಗೆ ಆರು ಪದ ದಾಖಲಿಸಿದ್ದೇವೆ. ಬರುವ ಅಮಾವಾಸ್ಯೆಗೆ ಮತ್ತೆ ಹೋಗುತ್ತೇವೆ. ಹಗರಿಬೊಮ್ಮನಹಳ್ಳಿ ಕಡೆ ಹೀಗೆ ಅರ್ಥ ಬಿಡಿಸಿ ಹಾಡುವವರು ನಿಮ್ಮೂರಲ್ಲಿದ್ದರೆ ತಿಳಿಸಿ, ಬೈಕ್ ಹತ್ತಿ ಬರುತ್ತೇವೆ.