ಮಾಳದಿಂದ ಹೊರನಾಡಿನವರೆಗೆ

ಕಾರ್ಕಳದಿಂದ ಹೊರಟು ಬಜಗೋಳಿ ದಾಟಿ ಮಾಳ ತಲುಪುವಷ್ಟರಲ್ಲಿ ಅಡಿಕೆ ತೋಟಗಳು ಹಿಂದುಳಿದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು ಶುರುವಾಗುತ್ತದೆ. ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಲ್ಲಿ ಗಾಡಿ ನಿಲ್ಲಿಸಿ, ನಂಬರು ಬರೆಸಿ, ಸಮಯ ನಮೂದಿಸಿದ ಚೀಟಿ ತೆಗೆದುಕೊಳ್ಳಬೇಕು. ಆ ಚೀಟಿಯನ್ನು ಇನ್ನೊಂದು ತುದಿಯಲ್ಲಿ ನೋಡುತ್ತಾರೆ. ನಡುದಾರಿಯಲ್ಲಿ ಬುತ್ತಿ ಬಿಚ್ಚಿ ಕುಳಿತವರು ತಡವಾದದ್ದಕ್ಕೆ ಕಾರಣ ಹೇಳಬೇಕಾಗುತ್ತದೆ. ಸುಮಾರು 600 ಚದರ ಕಿ.ಮೀ. ಹರಡಿರುವ ಈ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ್ದು 1987ರಲ್ಲಿ. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಇದೂ ಒಂದು. ಮಲೆಕುಡಿಯರು ಮತ್ತು ಸಣ್ಣ ಹಿಡುವಳಿಯ ಕೃಷಿಕರು ಆ ಘೋಷಣೆಗೂ ಎಷ್ಟೋ ಮೊದಲಿನಿಂದ ಇಲ್ಲಿ ಬದುಕುತ್ತಿದ್ದವರು. ಅವರನ್ನು ಹೊರಗೆ ಕಳಿಸುವ ಮಾತು ಬಂದಾಗಲೆಲ್ಲ ಜಗಳವೂ ಜತೆಗೇ ಬಂದಿದೆ.

ಘಾಟಿಯ ಮೊದಲ ಭಾಗದಲ್ಲಿ ಆಕಾಶವೇ ಕಾಣದಷ್ಟು ದಟ್ಟವಾದ ನಿತ್ಯಹರಿದ್ವರ್ಣ ಕಾಡು. ಸಿಂಗಳೀಕದ ಮನೆ ಇದು. ಮುಖದ ಸುತ್ತ ಬೂದು ಕೇಸರವಿರುವ ಈ ಕಪ್ಪು ಕೋತಿ ಮರದ ತುದಿಯಲ್ಲೇ ಬಾಳುತ್ತದೆ. ಒಂದರ ಕೊಂಬೆ ಇನ್ನೊಂದಕ್ಕೆ ತಾಗುವ ಹಾಗೆ ಮರಗಳು ನಿಂತಿರದಿದ್ದರೆ ಅದಕ್ಕೆ ದಾರಿಯೂ ಇಲ್ಲ, ಊಟವೂ ಇಲ್ಲ. ರಸ್ತೆಯಂಚಿನಲ್ಲಿ ಬಾಳೆಹಣ್ಣಿಗೆ ಕೈಚಾಚುವುದು ಸಾಮಾನ್ಯ ಮಂಗ. ಸಿಂಗಳೀಕ ಕಂಡೆವೆಂದು ಹೇಳುವ ಪ್ರವಾಸಿಗರಲ್ಲಿ ಬಹುಪಾಲು ಜನ ನೋಡಿರುವುದು ಇದನ್ನೇ.

ಘಾಟಿ ಹತ್ತಿದರೆ ಎಸ್.ಕೆ. ಬಾರ್ಡರ್. ಸೌತ್ ಕೆನರಾ ಜಿಲ್ಲೆ ಕಾಗದದಿಂದ ಮಾಯವಾಗಿ ಕಾಲವಾಯಿತು, ಬಸ್ ಕಂಡಕ್ಟರರ ಬಾಯಲ್ಲಿ ಮಾತ್ರ ಅದರ ಗಡಿ ಅಳಿದಿಲ್ಲ. ಇಲ್ಲಿ ಒಂದು ರಸ್ತೆ ಕೆರೆಕಟ್ಟೆಯ ಮೇಲೆ ಶೃಂಗೇರಿಗೆ ಒಡೆಯುತ್ತದೆ, ಇನ್ನೊಂದು ಕುದುರೆಮುಖ ಪಟ್ಟಣಕ್ಕೆ. ಎರಡನೆಯದನ್ನು ಹಿಡಿದರೆ ಸ್ವಲ್ಪ ಹೊತ್ತಿಗೆ ನೋಟ ಪೂರ್ತಿ ಬದಲಾಗುತ್ತದೆ. ಬೆಟ್ಟದ ಬೆನ್ನಿನ ಮೇಲೆಲ್ಲ ಹುಲ್ಲು, ನೀರು ಇಳಿಯುವ ಮಡಿಕೆಗಳಲ್ಲಿ ಮಾತ್ರ ಗಿಡ್ಡ ಮರಗಳ ಶೋಲ ಕಾಡು. ಗಾಳಿಯ ಹೊಡೆತಕ್ಕೆ ಸಿಕ್ಕ ತೆಳುಮಣ್ಣಿನ ದಿಣ್ಣೆಗಳಲ್ಲಿ ಮರ ಏಳುವುದು ಕಷ್ಟ. ಮಣ್ಣು ಮತ್ತು ತೇವ ಉಳಿಯುವ ಕಣಿವೆಯಲ್ಲಿ ಅದು ಬೇರೂರುತ್ತದೆ. ಮಳೆಗಾಲದ ನೀರನ್ನು ಈ ಹುಲ್ಲು ಮತ್ತು ಶೋಲ ಹೀರಿಟ್ಟುಕೊಂಡು ಬೇಸಗೆಯಲ್ಲಿ ಸ್ವಲ್ಪಸ್ವಲ್ಪವೇ ಬಿಡುತ್ತವೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇದೇ ಬೆಟ್ಟಸಾಲಿನಲ್ಲಿದೆ. ಮೊದಲಿನ ಎರಡು ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋದರೆ, ನೇತ್ರಾವತಿ ಪಡುವಣಕ್ಕೆ ಇಳಿದು ಮಂಗಳೂರಿನ ಬಳಿ ಅರಬ್ಬೀ ಸಮುದ್ರ ಸೇರುತ್ತದೆ. ಇದೇ ಹಾದಿಯ ಹನುಮನಗುಂಡಿ ಜಲಪಾತಕ್ಕೆ ಮೆಟ್ಟಿಲಿಳಿದು ಹೋಗಬೇಕು, ಮೇಲೆ ಬರುವಾಗ ಮೊಣಕಾಲು ಲೆಕ್ಕ ಕೇಳುತ್ತದೆ. ಕಡಾಂಬಿ ಹಾಗಲ್ಲ, ರಸ್ತೆಯ ಪಕ್ಕಕ್ಕೇ ಬಂದು ಬೀಳುತ್ತದೆ.

ಮುಂದಿನದು ಗಣಿಯ ಊರು. ಇಲ್ಲಿ ಕಬ್ಬಿಣದ ಅದಿರಿದೆ ಎಂಬುದನ್ನು 20ನೆಯ ಶತಮಾನದ ಆರಂಭದಲ್ಲೇ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಗುರುತಿಸಿದ್ದರು. ಇರಾನಿಗೆ ಅದಿರು ಒದಗಿಸುವ ಒಪ್ಪಂದದ ಬಲದಲ್ಲಿ 1976ರಲ್ಲಿ ಸರ್ಕಾರಿ ಕಂಪನಿ ಹುಟ್ಟಿಕೊಂಡಿತು. 1979ರ ಕ್ರಾಂತಿಯ ನಂತರ ಇರಾನ್ ಹಿಂದೆ ಸರಿದಾಗ ಬೇರೆ ಗಿರಾಕಿಗಳನ್ನು ಹುಡುಕಬೇಕಾಯಿತು. ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆಯಿದ್ದುದರಿಂದ ಅದನ್ನು ಅರೆದು, ತೊಳೆದು, ನೀರಿನಲ್ಲಿ ಕಲಸಿ 67 ಕಿ.ಮೀ. ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಹರಿಸುತ್ತಿದ್ದರು. ಉಳಿದ ಕೆಸರನ್ನು ತಡೆಯಲು ಲಕ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಬಂತು. ಆಗ ಈ ಸಾಲುಗಳ ಲೇಖಕ ಇನ್ನೂ ಹುಡುಗ. ಕಂಪನಿಯಲ್ಲಿ ಕೆಲಸಕ್ಕಿದ್ದ ಸೋದರಮಾವನ ಕ್ವಾರ್ಟರ್ಸಿಗೆ ರಜೆಯಲ್ಲಿ ಹೊರಟರೆ, ಘಾಟಿಯ ತಿರುವಿಗೆ ವಾಂತಿ ಬಾರದಿರಲೆಂದು ಅಮ್ಮ ಕೈಗೊಂದು ಲಿಂಬೆಹಣ್ಣು ಕೊಡುತ್ತಿದ್ದರು. ಅದನ್ನು ಮೂಗಿಗೆ ಹಿಡಿದು ಕಣ್ಮುಚ್ಚಿ ಕುಳಿತವನಿಗೆ ಶೋಲವೂ ಹುಲ್ಲುಗಾವಲೂ ಕಂಡದ್ದೇ ಇಲ್ಲ. ಕಂಡದ್ದು ಮಾವನ ಮನೆಯ ಹಿತ್ತಲಿನಾಚೆಗಿನ ಬೆಟ್ಟ, ಮೆಟ್ಟಿಲು ಮೆಟ್ಟಿಲಾಗಿ ಕಡಿದು ಕೆಂಪಗೆ ಮಾಡಿಟ್ಟದ್ದು. ಮಾವ ಅದನ್ನು ಹೆಮ್ಮೆಯಿಂದಲೇ ತೋರಿಸುತ್ತಿದ್ದರು. ಹೆಮ್ಮೆ ಸುಳ್ಳಲ್ಲ, ಆ ಸಂಬಳದಲ್ಲಿ ಎಷ್ಟೋ ಮನೆಯ ಮಕ್ಕಳು ಓದಿದ್ದಾರೆ.

ಗಣಿಯ ಮಣ್ಣು ಭದ್ರೆಗೆ ಇಳಿಯುತ್ತಿದೆ ಎಂಬ ದೂರು ಕೊನೆಗೆ ನ್ಯಾಯಾಲಯಕ್ಕೆ ಹೋಯಿತು. ಸುಪ್ರೀಂ ಕೋರ್ಟ್ 2002ರಲ್ಲಿ ಗಣಿಯ ವಿರುದ್ಧ ತೀರ್ಪು ಕೊಟ್ಟಿತು, 2005ರ ಕೊನೆಯಲ್ಲಿ ಕೆಲಸ ನಿಂತಿತು. ಜನ ಖಾಲಿಯಾದರು. ಕಡಿದ ಮೆಟ್ಟಿಲುಗಳ ಮೇಲೆ ಹಸಿರು ಹತ್ತಿದೆ, ಆದರೆ ಬೆಟ್ಟದ ಕಳೆದುಹೋದ ಆಕಾರ ಮರಳುವಂಥದ್ದಲ್ಲ. ಇಂದು ಈ ರಸ್ತೆಯನ್ನು ಬರೀ ಚೆಂದದ ಹಾದಿ ಎಂದು ಹೊಗಳುವುದು ಅರ್ಧ ಸತ್ಯ.

ಪಟ್ಟಣ ಬಿಟ್ಟು ಸಂಸೆಯ ಕಡೆಗೆ ಸಾಗಿದರೆ ಚಹಾ ಮತ್ತು ಕಾಫಿ ತೋಟಗಳು. 1,894 ಮೀ. ಎತ್ತರದ ಕುದುರೆಮುಖ ಶಿಖರಕ್ಕೆ ಚಾರಣ ಹೋಗುವವರು ಈ ಕಡೆಯಿಂದ ಮುಳ್ಳೋಡಿಗೆ ತಿರುಗುತ್ತಾರೆ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಉಳಿದವರಿಗೆ ಕಳಸದಲ್ಲಿ ಕಳಸೇಶ್ವರ, ಅಲ್ಲಿಂದ ಭದ್ರೆ ದಾಟಿ ಹೊರನಾಡು. ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಬಂದವರಿಗೆಲ್ಲ ಊಟ ಇದೆ.

ಹೊರಡುವ ತಿಂಗಳ ಬಗ್ಗೆ ಒಂದು ಮಾತು. ಜುಲೈನಲ್ಲಿ ಹೋದವರಿಗೆ ಗಾಡಿಯ ವೈಪರ್ ಮತ್ತು ಮಂಜು ಬಿಟ್ಟು ಬೇರೇನೂ ಕಾಣುವುದಿಲ್ಲ. ಮಾರ್ಚ್ ಹೊತ್ತಿಗೆ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ ಇರುತ್ತದೆ. ಅಕ್ಟೋಬರಿನಲ್ಲಿ ಬೆಳಗ್ಗೆ ಬೇಗ ಕಾರ್ಕಳ ಬಿಡುವುದು ಒಳ್ಳೆಯದು.